ಇಂಡಿಯ ಡಬ್ಬಿ, ಮುದ್ದೇಬಿಹಾಳದ ಚುರುಮುರಿ

ಇಂಡಿಯಿಂದ ಸಿಂದಗಿ, ಬಸವನಬಾಗೇವಾಡಿ ಹಾದು ಮುದ್ದೇಬಿಹಾಳಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಜನಕ್ಕಿಂತ ಮೊದಲು ಡಬ್ಬಿಗಳು ಜಾಗ ಹಿಡಿಯುತ್ತವೆ. ಮಗ ಸಿಂದಗಿಯಲ್ಲಿ ಕೋಣೆ ಮಾಡಿಕೊಂಡು ಓದುತ್ತಿರುತ್ತಾನೆ, ಮಗಳು ಬಾಗೇವಾಡಿಯ ಹಾಸ್ಟೆಲಿನಲ್ಲಿರುತ್ತಾಳೆ, ಮನೆಯ ರೊಟ್ಟಿ ಅವರಿಗೆ ಮುಟ್ಟುವುದು ಹೇಗೆ? ತಾಯಂದಿರು ಸ್ಟೀಲಿನ ಡಬ್ಬಿಗೆ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ತುಂಬಿ, ಮುಚ್ಚಳ ಬಿಗಿದು, ಡ್ರೈವರನ ಕೈಗೆ ಕೊಟ್ಟು ನಿಶ್ಚಿಂತರಾಗುತ್ತಾರೆ. ಎಂಜಿನ್ನಿನ ಬಾನೆಟ್ಟಿನ ಮೇಲೆ ಡಬ್ಬಿಗಳೆಲ್ಲ ಒತ್ತೊತ್ತಾಗಿ ಕೂತು ಬೆಚ್ಚಗೆ ಪ್ರಯಾಣ ಮಾಡುತ್ತವೆ. ಟಿಕೆಟ್ಟಿಲ್ಲ, ರಸೀದಿಯಿಲ್ಲ, ಕಳೆದುಹೋಯಿತು ಎಂಬ ತಕರಾರೂ ಇಲ್ಲ. ಕೊರಿಯರ್ ಕಂಪನಿಯವರು ಒಮ್ಮೆ ಬಂದು ನೋಡಿ ಕಲಿತುಕೊಂಡು ಹೋಗಬೇಕು.

ಮಕ್ಕಳ ಡಬ್ಬಿ ಖಾಲಿಯಾಗಿ ಮರಳಿದರೆ ತಾಯಿಗೆ ಸಮಾಧಾನ, ಕೂಸು ಹೊಟ್ಟೆ ತುಂಬ ಉಂಡಿದೆ ಎಂದು. ಆದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ ಡಬ್ಬಿಯ ರೀತಿ ಬೇರೆ. ಅದು ಖಾಲಿ ಮರಳುವ ಹಾಗಿಲ್ಲ. ಒಂದು ಹಿಡಿ ಸಕ್ಕರೆಯೋ, ಬೆಲ್ಲದ ಚೂರೋ, ಹೊಲದ ಹಸಿ ಶೇಂಗಾವೋ, ಏನಾದರೂ ತಳದಲ್ಲಿ ಬಿದ್ದಿರಬೇಕು. ಖಾಲಿ ಕಳಿಸಿದರೆ ಆ ಮನೆಯ ಜೊತೆ ಹೋಗಿಬರುವುದು ಮುಗಿಯಿತು ಎಂದೇ ಲೆಕ್ಕ. ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಕೈಗೇ ಗೊತ್ತಿರುತ್ತದೆ.

ಆ ಬಾನೆಟ್ಟಿನ ಮೇಲಿನ ಒಂದು ಡಬ್ಬಿಯಲ್ಲಿ ಮಾತ್ರ ರೊಟ್ಟಿ ಇರುತ್ತಿರಲಿಲ್ಲ. ಮುಚ್ಚಳದ ಮೇಲೆ ‘ಶಮ್ಶುನ್ನೀಸಾ, ಇಂಡಿ’ ಎಂದು ಕೊರೆಸಿದ್ದ ಆ ಡಬ್ಬಿಯೊಳಗೆ ಅರಿವೆಯಲ್ಲಿ ಸುತ್ತಿದ ಗಾಜಿನ ಬಾಟಲಿ, ಬಾಟಲಿಯ ಬಾಯಿಗೆ ಹತ್ತಿಯ ಬಿರಡೆ, ಒಳಗೆ ಬೆರಳಗಲದ ಗಾಜಿನ ಪಟ್ಟಿಗಳು, ಆ ಪಟ್ಟಿಗಳ ಮೇಲೆ ತೆಳ್ಳಗೆ ಬಳಿದ ಕಿತ್ತಳೆ ಬಣ್ಣದ ಒಂದು ಪದರ. ಬಸ್ಸಿನ ಡ್ರೈವರ್ ಅಯೂಬ ಮೊದಲ ಸಲ ಮುಚ್ಚಳ ತೆಗೆದು ನೋಡಿದವನು ಬೆರಗಾಗಿದ್ದ.

“ಏನ್ರಿ ಮೇಡಂ ಇದು? ಗಾಜಿಗಿ ಜಿಲೇಬಿ ಪಾಕ ಹಚ್ಚೀರಿ?”

“ಪ್ಲಾಸ್ಟಿಕ್ ಐತೋ ಅಯೂಬ. ಕಬ್ಬಿನ ಸಕ್ಕರಿದು, ತೊಗರಿ ಕಟ್ಟಿಗಿದು. ಭಾಳ ಅಲುಗಾಡಸಬ್ಯಾಡ.”

“ನಮ್ಮ ರೋಡಿಗಿ ಹೇಳ್ರಿ ಅದನ್ನ,” ಎಂದು ಅವನು ಗೇರು ಹಾಕಿದ್ದ.

ಶಮ್ಶುನ್ನೀಸಾ ಇಂಡಿಯ ಒಂದು ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ತಂದೆ ಮೀರಾಸಾಬ ನಿಂಬೆಹಣ್ಣಿನ ವ್ಯಾಪಾರಿ. ಸಾಲೋಟಗಿ ದಾರಿಯ ತೋಟಗಳಿಂದ ಹಣ್ಣು ತಂದು ಮನೆಯ ಪಡಸಾಲೆಯಲ್ಲಿ ರಾಶಿ ಹಾಕಿ ಆರಿಸುವುದು ಆ ಮನೆಯ ದಿನಚರಿ. ಕರೆಂಟು ಹೋದ ಸಂಜೆ ಹುಡುಗಿ ಶಮ್ಶು ನಿಂಬೆ ಸಿಪ್ಪೆಯನ್ನು ದೀಪದ ಕುಡಿಯ ಮುಂದೆ ಹಿಡಿದು ಹಿಚುಕುತ್ತಿದ್ದಳು. ಸಿಪ್ಪೆಯ ಎಣ್ಣೆ ಚಿಮ್ಮಿ ಬೆಂಕಿಯಲ್ಲಿ ಚಟಪಟ ಕಿಡಿಯಾಗುತ್ತಿತ್ತು. ಮನೆಯ ಮಕ್ಕಳೆಲ್ಲ ಕಿಡಿ ನೋಡಿ ಕೇಕೆ ಹಾಕುತ್ತಿದ್ದರು. ಇವಳೊಬ್ಬಳು, ಹಣ್ಣಿನೊಳಗೆ ಇಷ್ಟು ರಸವಿದ್ದೂ ಸಿಪ್ಪೆ ಯಾಕೆ ಉರಿಯುತ್ತದೆ ಎಂದು ಕೇಳಿ ಕೇಳಿ ಅಪ್ಪನ ತಲೆ ತಿನ್ನುತ್ತಿದ್ದಳು. ಆ ಪ್ರಶ್ನೆಯೇ ಅವಳನ್ನು ಎಂ.ಎಸ್ಸಿ.ವರೆಗೆ ಎಳೆದುಕೊಂಡು ಹೋಯಿತು. ಮದುವೆಯಾಗಿ, ಇಬ್ಬರು ಮಕ್ಕಳಾಗಿ, ತಲೆಯಲ್ಲಿ ಬಿಳಿ ಕೂದಲು ಕಂಡ ಮೇಲೆ ಪಿಎಚ್.ಡಿ.ಗೂ ನೂಕಿತು.

ಅವಳು ಹಿಡಿದ ವಿಷಯ ಸ್ವಲ್ಪ ಪುಸ್ತಕದ್ದು, ಆದರೂ ಹೇಳಲೇಬೇಕು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಸಣ್ಣ ಅಣುಗಳನ್ನು ಕೊಂಡಿ ಹಾಕಿ ಉದ್ದ ಸರ ಮಾಡುವಾಗ, ಒಂದು ಬಿಟ್ಟು ಒಂದು ಕೊಂಡಿ ಜೋಡಿಯಾಗುವಂತೆ ಹೆಣೆದರೆ, ಆ ಸರದುದ್ದಕ್ಕೂ ವಿದ್ಯುತ್ತು ಓಡಾಡಬಲ್ಲದು. ತೆಳ್ಳನೆಯ ಪರದೆ, ಮಡಚುವ ಸೌರಹಾಳೆ, ವಾಸನೆ ಹಿಡಿಯುವ ಉಪಕರಣ, ಇವಕ್ಕೆಲ್ಲ ಅಂಥ ಪಾಲಿಮರ್ ಬೇಕು. ಜಗತ್ತಿನಲ್ಲಿ ಅದನ್ನು ಹೆಚ್ಚಾಗಿ ಮಾಡುವುದು ಪೆಟ್ರೋಲಿಯಂನಿಂದ, ವಿಷದ ದ್ರಾವಕಗಳಲ್ಲಿ, ಬಂಗಾರದಷ್ಟು ತುಟ್ಟಿಯಾದ ಲೋಹ ಸೇರಿಸಿ. ಶಮ್ಶುನ್ನೀಸಾಳಿಗೆ ಒಂದೇ ಹಟ. ನಮ್ಮ ಹೊಲದಲ್ಲಿ ಬೆಳೆದದ್ದರಿಂದಲೇ ಮಾಡಬೇಕು. ಒಂದು ಅಣು ಕಬ್ಬಿನ ಸಕ್ಕರೆಯಿಂದ, ಅದಕ್ಕೆ ಕೈ ಕೊಡುವ ಇನ್ನೊಂದು ತೊಗರಿ ಕಟ್ಟಿಗೆಯ ತಿರುಳಿನಿಂದ, ಎರಡನ್ನೂ ಕರಗಿಸಲು ನಿಂಬೆ ಸಿಪ್ಪೆಯ ಎಣ್ಣೆ, ಹುರಿದುಂಬಿಸಲು ನಿಂಬೆಯದೇ ಹುಳಿ. ಎರಡು ಅಣು ಕೂಡಿದಾಗ ಹೊರಗೆ ಬೀಳುವುದು ಬರೀ ನೀರು. ಇಷ್ಟು ಸ್ವಚ್ಛವಾದ ಕೆಲಸ ಬೇರೆಲ್ಲಿ ಸಿಕ್ಕೀತು?

ಗಂಡ ಅಫ್ತಾಬನದು ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಹೆಂಡತಿಗೆ ಹಳೆಯ ಮೋಟಾರಿನಿಂದ ಕಲಕುವ ಯಂತ್ರ ಮಾಡಿಕೊಟ್ಟವನು ಅವನೇ. “ಪ್ಲಾಸ್ಟಿಕ್ಕಿನ್ಯಾಗ ಕರೆಂಟ್ ಹರದ್ರ ನಾ ಅಂಗಡಿ ಮುಚ್ಚೂದ ಮತ್ತ,” ಎಂದು ದಿನಕ್ಕೊಮ್ಮೆ ಕಾಡುತ್ತಿದ್ದ.

ಹರಿಯಲಿಲ್ಲ ಎಂಬುದೇ ಅವಳ ಸಂಕಟ. ಹೊರಗೆ ಬಿದ್ದ ನೀರು ಸುಮ್ಮನೆ ಹೋಗುವುದಿಲ್ಲ. ಪದರದಲ್ಲೇ ಕೂತು, ಕೂಡಿದ ಕೊಂಡಿಯನ್ನು ಮತ್ತೆ ಬಿಚ್ಚುತ್ತದೆ. ಸರ ಬೆಳೆಯುವುದೇ ಇಲ್ಲ. ಸರ ಗಿಡ್ಡದಿದ್ದರೆ ಬಣ್ಣ ಹಳದಿ, ತುಸು ಬೆಳೆದರೆ ಕಿತ್ತಳೆ, ನಿಜವಾಗಿ ಉದ್ದವಾದರೆ ಕಡುಗೆಂಪು. ವರ್ಷಗಟ್ಟಲೆ ಅವಳ ಗಾಜು ಕಿತ್ತಳೆಯಲ್ಲೇ ನಿಂತಿತ್ತು. ಕಾಯಿಸಿದರೆ ಮಳೆಗಾಲದ ಹಸಿ ಗಾಳಿ ಒಲೆಯೊಳಗೂ ನುಗ್ಗುತ್ತಿತ್ತು. ಇನ್ನೂ ಹೆಚ್ಚು ಕಾಯಿಸಿದರೆ ಪದರ ಕರಿ ಡಾಂಬರಾಗುತ್ತಿತ್ತು. ನಿರ್ವಾತದಲ್ಲಿ ಇಟ್ಟರೆ ನಿಂಬೆಯೆಣ್ಣೆ ಮೊದಲೇ ಹಾರಿ ಪದರ ಬಿರುಕು ಬಿಡುತ್ತಿತ್ತು. ನೀರು ಹೀರುವ ನೀಲಿ ಹರಳುಗಳ ಜೊತೆ ತಣ್ಣಗೆ ಮುಚ್ಚಿಟ್ಟೂ ನೋಡಿದ್ದಳು, ಪದರ ಅಲ್ಲಾಡಲಿಲ್ಲ.

ವಿಜಯಪುರದಲ್ಲಿದ್ದ ಅವಳ ಮಾರ್ಗದರ್ಶಕರು ಒಳ್ಳೆಯವರೇ, ಆದರೆ ತಾಳ್ಮೆ ಮುಗಿದಿತ್ತು. “ನಿಮ್ಮ ನೋಂದಣಿಗೆ ಇದೇ ಕಡೆಯ ವಿಸ್ತರಣೆ. ದೀಪಾವಳಿಯೊಳಗೆ ಫಲಿತಾಂಶ ಬರದಿದ್ದರೆ ಇಷ್ಟು ವರ್ಷದ್ದೆಲ್ಲ ನೀರಪಾಲು. ಕಬ್ಬು, ತೊಗರಿ ಬಿಟ್ಟುಬಿಡಿ. ಪೇಟೆಯ ಸಾಮಾನು ತಂದು, ಎಲ್ಲರೂ ಮಾಡುವ ಹಾಗೆ ಮಾಡಿ ಮುಗಿಸಿ,” ಎಂದರು.

“ಹಂಗ ಮಾಡಿದ್ರ ಡಿಗ್ರಿ ಸಿಗ್ತೈತ್ರಿ ಸರ. ಆದ್ರ ಅದು ನಂದಲ್ರಿ,” ಎಂದಳು ಶಮ್ಶುನ್ನೀಸಾ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವಳು ಎದ್ದು ಬಂದಳು. ಹೆದರಿಕೆ ಇರಲಿಲ್ಲವೇ? ಬೇಕಾದಷ್ಟಿತ್ತು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಇಂಡಿ ಬಂದಾಗ ಮುಖ ಒರೆಸಿಕೊಂಡು ಮಾರುಕಟ್ಟೆಗೆ ಹೋಗಿ, ಸಿಪ್ಪೆಗಾಗಿ ನಿಂಬೆ ಆರಿಸತೊಡಗಿದಳು. ಇಂಥ ಹೆಣ್ಣುಮಕ್ಕಳ ಹಟವನ್ನು ಮೆಚ್ಚದೆ ಏನು ಮಾಡುವುದು!

ಅವಳ ಪ್ರಯೋಗಾಲಯ ಎಂದರೆ ಇಂಡಿಯ ಒಂದು ಕೋಣೆ ಅಷ್ಟೇ ಅಲ್ಲ, ನಾಲ್ಕು ತಾಲೂಕು. ಸಿಂದಗಿಯ ಕಾಲೇಜಿನಲ್ಲಿ ನಿರ್ವಾತದ ಪಂಪು, ಬಾಗೇವಾಡಿಯಲ್ಲಿ ಕೂದಲೆಳೆ ತೂಗುವ ತಕ್ಕಡಿ, ಮುದ್ದೇಬಿಹಾಳದಲ್ಲಿ ಬಣ್ಣ ಅಳೆಯುವ ಯಂತ್ರ. ಯಾವ ಕಾಲೇಜೂ ಯಾವ ಕಾಲೇಜಿಗೂ ಬಾಡಿಗೆ ಕೇಳಲಿಲ್ಲ. ಕಳೆ ತೆಗೆಯುವ ದಿನಗಳಲ್ಲಿ ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂದು ಮುಯ್ಯಿ ಆಳು ಹೋಗುತ್ತಾರಲ್ಲ, ಇದೂ ಹಾಗೆಯೇ. ಇವಳು ಸಿಂದಗಿಗೆ ಹೋಗಿ ಪ್ರಾಯೋಗಿಕ ಪರೀಕ್ಷೆ ನಡೆಸಿಕೊಡುವಳು, ಶನಿವಾರ ಬಾಗೇವಾಡಿಯಲ್ಲಿ ಪಾಠ ಮಾಡುವಳು, ಮುದ್ದೇಬಿಹಾಳದ ವಿದ್ಯಾರ್ಥಿಗಳ ಪ್ರಾಜೆಕ್ಟು ತಿದ್ದುವಳು. ಮುದ್ದೇಬಿಹಾಳದಲ್ಲಿದ್ದವನು ಸಂಜೀವಕುಮಾರ, ಎಂ.ಎಸ್ಸಿ.ಯಲ್ಲಿ ಇವಳ ಸಹಪಾಠಿ. ಡಬ್ಬಿ ಅವನ ಕಾಲೇಜಿಗೆ ಹೋಗುತ್ತಿತ್ತು, ಅವನು ಬಣ್ಣ ಅಳೆದು, ‘ಕಿತ್ತಳೆ, ಅದೇ ಕಿತ್ತಳೆ’ ಎಂದು ಸುದ್ದಿ ಕಳಿಸಿ, ಬಾಟಲಿಯನ್ನು ಡಬ್ಬಿಯಲ್ಲೇ ಮರಳಿಸುತ್ತಿದ್ದ.

ಆ ವರ್ಷದ ಶ್ರಾವಣದಲ್ಲಿ ಶಮ್ಶುನ್ನೀಸಾ ಡಬ್ಬಿಯ ಹಿಡಿಕೆಗೆ ಒಂದು ಚೀಲ ನಿಂಬೆಹಣ್ಣು ಕಟ್ಟಿ ಕಳಿಸಿದಳು, ‘ನಿಮ್ಮ ಅವ್ವಾರಿಗೆ’ ಎಂದು. ಸಂಜೀವಕುಮಾರ ಅಳತೆ ಮುಗಿಸಿದ. ಮರುದಿನ ಅವನಿಗೆ ನಿಡಗುಂದಿಯಲ್ಲಿ ಪರೀಕ್ಷೆಯ ಕೆಲಸ, ಬೆಳಿಗ್ಗೆಯೇ ಹೊರಡಬೇಕು. ಹೀಗಾಗಿ ಡಬ್ಬಿಯನ್ನು ಮನೆಗೆ ತಂದು, ಬಸ್ಸಿಗೆ ಕೊಡುವ ಕೆಲಸವನ್ನು ತಾಯಿ ಗುರವ್ವನಿಗೆ ಒಪ್ಪಿಸಿ ಹೋದ. ಅದುವರೆಗೆ ಆ ಡಬ್ಬಿ ಆ ಮನೆಯ ಹೊಸ್ತಿಲು ದಾಟಿರಲಿಲ್ಲ.

ಆ ದಿನ ಡೋಣಿ ಹೊಳೆ ಉಕ್ಕಿ ಹಿಪ್ಪರಗಿ ಕಡೆಯ ದಾರಿ ಕಟ್ಟಿತ್ತು. ಅಯೂಬ ಮನಗೂಳಿ, ವಿಜಯಪುರ ಎಂದು ಸುತ್ತು ಹಾಕಿ, ಸಂಜೆಗೆ ಇಂಡಿ ಸೇರಿದ. ಡಬ್ಬಿ ಇಡೀ ದಿನ ಕಾದ ಬಾನೆಟ್ಟಿನ ಮೇಲೆ ಕೂತಿತ್ತು. ಶಮ್ಶುನ್ನೀಸಾ ಕಾಲೇಜಿಗೆ ತಂದು ಮುಚ್ಚಳ ತೆಗೆದಳು. ಒಳಗೆ ತುಂಬ ಚುರುಮುರಿ, ಅಂದರೆ ಮಂಡಕ್ಕಿ! ಬಾಟಲಿ ಅದರಲ್ಲಿ ಕುತ್ತಿಗೆಯವರೆಗೆ ಹೂತುಹೋಗಿತ್ತು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಒಂದು ಧೂಳಿನ ಕಣ ಬೀಳಬಾರದೆಂದು ಅರಿವೆ ಸುತ್ತಿ, ಬಿರಡೆ ಹಾಕಿ ಕಳಿಸಿದ್ದರೆ ಈ ಪಾಡು. ಸಂಜೀವಕುಮಾರನ ಮನೆಗೆ ಫೋನು ಹಚ್ಚಿದಳು. ಎತ್ತಿದವಳು ಗುರವ್ವ.

“ಯಾರ್ರಿ ಇದರಾಗ ಚುರುಮುರಿ ಸುರದವರು? ಇದೇನ್ ಬುತ್ತಿ ಡಬ್ಬಿ ಅಂತ ತಿಳದೀರಿ? ಪರೀಕ್ಷಾದ ಸಾಮಾನು ಇದು! ನನ್ನ ವರ್ಷದ ಕೆಲಸ ಎಲ್ಲಾ ಹಾಳ ಆತು!”

ಆ ಕಡೆಯಿಂದ “ತಪ್ಪಾತ್ರಿ ಬಾಯಾರ,” ಎಂಬ ಸಣ್ಣ ದನಿ. ಫೋನು ಬಂದಾಯಿತು.

ಸಿಟ್ಟು ಇಳಿಯದ ಕೈಯಿಂದಲೇ ಶಮ್ಶುನ್ನೀಸಾ ಚುರುಮುರಿಯನ್ನು ಮೇಜಿನ ಮೇಲೆ ಸುರುವಿದಳು. ಬಾಟಲಿ ಹೊರಬಂತು. ಗಾಜಿನ ಪಟ್ಟಿಗಳು ಕಿತ್ತಳೆಯಾಗಿರಲಿಲ್ಲ. ಕೆಂಪಾಗಿದ್ದವು. ದಾಳಿಂಬೆ ಕಾಳಿನ ಕೆಂಪು.

ಕುಂಕುಮ ಗಿಂಕುಮ ಬಿದ್ದಿದೆಯೇ ಎಂದು ಮೊದಲ ಅನುಮಾನ. ಬಿರಡೆ ಹಾಗೇ ಇತ್ತು, ಪದರದ ಮೇಲೆ ಒಂದು ಗೀರೂ ಇಲ್ಲ. ಒಂದು ಪಟ್ಟಿಗೆ, ಕರೆಂಟು ಹರಿಯಲು ಬೇಕಾದ ಅಯೋಡಿನ್ ಹೊಗೆ ತೋರಿಸಿ ಗಂಡನ ಅಂಗಡಿಗೆ ಒಯ್ದಳು. ಅವನು ಮೀಟರಿನ ಎರಡು ಕಡ್ಡಿ ತಾಗಿಸಿದ. ಇಷ್ಟು ವರ್ಷ ಜಪ್ಪಯ್ಯ ಎಂದರೂ ಏಳದ ಮುಳ್ಳು ಎದ್ದಿತು. ಅಫ್ತಾಬ ಕಡ್ಡಿ ತೆಗೆದ, ಮತ್ತೆ ತಾಗಿಸಿದ. ಮುಳ್ಳು ಮತ್ತೆ ಎದ್ದಿತು. ತಮಾಷೆಯ ಮನುಷ್ಯನಿಗೆ ಆ ಹೊತ್ತಿಗೆ ಒಂದು ತಮಾಷೆಯೂ ಹೊಳೆಯಲಿಲ್ಲ. “ಶಮ್ಶೂ,” ಎಂದು ಮಾತ್ರ ಅಂದ.

ಆದದ್ದೇನು? ಹೋಗುವಾಗಲೂ ಅದೇ ಡಬ್ಬಿ, ಅದೇ ಬಾನೆಟ್ಟು. ಮುದ್ದೇಬಿಹಾಳದಲ್ಲಿ ಅಳೆದಾಗ ಕಿತ್ತಳೆಯೇ ಇತ್ತು. ಬರುವಾಗ ಹೆಚ್ಚಾಗಿದ್ದು ದೊಡ್ಡ ಸುತ್ತು ಮತ್ತು ಚುರುಮುರಿ. ಕಾಲೇಜಿಗೆ ಮರಳಿ ಮೇಜಿನ ಮೇಲಿನ ರಾಶಿಯನ್ನು ಗೋರುವಾಗ ಅವಳ ಕೈ ನಿಂತಿತು. ಚುರುಮುರಿ ಚುರ್ ಎನ್ನಲಿಲ್ಲ. ಬೆರಳಲ್ಲಿ ಒತ್ತಿದರೆ ಹತ್ತಿಯ ಹಾಗೆ ಮೆತ್ತಗೆ. ತಾನು ಮೇಜಿಗೆ ಸುರುವಿದ್ದಕ್ಕೆ ಗಾಳಿ ತಗುಲಿ ಹೀಗಾಯಿತೇ? ಡಬ್ಬಿಯ ತಳದಲ್ಲಿ ಉಳಿದಿದ್ದ ನಾಲ್ಕು ಕಾಳು ಒತ್ತಿ ನೋಡಿದಳು. ಬಾಟಲಿ ಕೂತಿದ್ದ ಜಾಗದವು ಮೆತ್ತಗೆ, ಅಂಚಿನವು ಇನ್ನೂ ಗರಿಗರಿ. ಬಿಗಿ ಮುಚ್ಚಳದೊಳಗೆ ನೀರು ಬಂದದ್ದು ಬಾಟಲಿಯಿಂದಲೇ! ಬಾನೆಟ್ಟಿನ ಕಾವಿಗೆ ಪದರ ಬಿಟ್ಟ ನೀರು ಹತ್ತಿಯ ಬಿರಡೆಯಿಂದ ಹೊರಬಿದ್ದಿತ್ತು, ಚುರುಮುರಿ ಅದನ್ನು ಕುಡಿದಿತ್ತು. ನೀರು ಹೋದಮೇಲೆ ಕೊಂಡಿ ಬಿಚ್ಚುವವರು ಯಾರು? ಸರ ಬೆಳೆಯುತ್ತ ಹೋಗಿತ್ತು.

ಅವಳು ಖುಷಿಗೆ ಒಬ್ಬಳೇ ನಕ್ಕಳು. ಮರುದಿನವೇ ಒಂದು ಕೆಂಪು ಪಟ್ಟಿಯನ್ನು ಅದೇ ಡಬ್ಬಿಯಲ್ಲಿ ಅಳತೆಗೆಂದು ಮುದ್ದೇಬಿಹಾಳಕ್ಕೆ ಕಳಿಸಿ, ಪೇಟೆಯಿಂದ ಚುರುಮುರಿ ತಂದು, ಹೊಸ ಪಟ್ಟಿಗಳ ಬಾಟಲಿಯ ಸುತ್ತ ಇನ್ನೊಂದು ಡಬ್ಬಿಗೆ ತುಂಬಿ, ಒಲೆಯಲ್ಲಿ ಬೆಚ್ಚಗಿಟ್ಟಳು. ಕಿತ್ತಳೆ. ಕಾವು ಏರಿಸಿದಳು. ಕಿತ್ತಳೆ. ಇನ್ನಷ್ಟು ಏರಿಸಿದಳು. ಡಾಂಬರು. ಒಮ್ಮೆ ಆಗಿ ಮತ್ತೆ ಆಗದ್ದನ್ನು ವಿಜ್ಞಾನ ಎಂದು ಯಾರೂ ಒಪ್ಪುವುದಿಲ್ಲ. ಅದು ಹಬ್ಬದ ದಿನ ಹೇಳುವ ಪವಾಡದ ಕಥೆಯಾಗುತ್ತದೆ ಅಷ್ಟೇ. ದೀಪಾವಳಿ ಹತ್ತಿರ ಬರುತ್ತಿತ್ತು.

ಅಷ್ಟರಲ್ಲಿ ಅಯೂಬ ಡಬ್ಬಿ ತಂದುಕೊಟ್ಟ. ಸಂಜೀವಕುಮಾರ ಫೋನಿನಲ್ಲಿ ಕುಣಿಯುತ್ತಿದ್ದ. “ಕೆಂಪು ಖರೇನ ಐತ್ರಿ ಮೇಡಂ! ಬಾಟ್ಲಿ ಇನ್ನೊಂದೆರಡು ದಿನ ನನ್ನ ಹತ್ರ ಇರಲಿ, ಮತ್ತ ಅಳೀತೇನಿ. ಡಬ್ಬಿ ಅಷ್ಟ ಅವ್ವನ ಕೈಯಾಗ ಬಸ್ಸಿಗಿ ಕೊಡಸೇನಿ.”

ಶಮ್ಶುನ್ನೀಸಾ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ನಮ್ಮ ಕಡೆ ಮನೆಯಿಂದ ಬಂದ ಡಬ್ಬಿಯನ್ನು ತೆರೆಯುವ ಮುಂಚೆ ಎಲ್ಲರೂ ಮಾಡುವುದೇ ಅದು. ಸದ್ದಿಲ್ಲ. ಮುಚ್ಚಳ ತೆಗೆದಳು. ಬೂದಿ ಹಚ್ಚಿ ತಿಕ್ಕಿ ತೊಳೆದು, ಒಣ ಅರಿವೆಯಿಂದ ಒರೆಸಿದ್ದ ಡಬ್ಬಿ. ತಳದಲ್ಲಿ ಅವಳ ಮುಖ ಕಾಣುವಷ್ಟು ಸ್ವಚ್ಛ. ಒಂದು ಸಕ್ಕರೆ ಕಣವೂ ಇಲ್ಲ.

ಅವಳು ಡಬ್ಬಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತಳು. ಅಂದು ಫೋನಿನಲ್ಲಿ ಆಡಿದ ಒಂದೊಂದು ಮಾತೂ ನೆನಪಾಯಿತು. ನಿಂಬೆ ಕಳಿಸಿದ್ದು ತಾನೇ. ಅದಕ್ಕೆ ಮರಳಿ ಬಂದದ್ದನ್ನು ಬೈದದ್ದೂ ತಾನೇ. ಗುರವ್ವನ ವಯಸ್ಸು ತನ್ನ ತಾಯಿಯಷ್ಟು. ಕೆಂಪು ಬಂದ ಖುಷಿಯಲ್ಲಿ ಆ ಹೆಂಗಸಿನ ನೆನಪೇ ತನಗೆ ಆಗಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಚುರುಮುರಿ ಹೇಗೆ ಬಂತೆಂದು ಗುರವ್ವನನ್ನು ಕೇಳದೆ ಕೆಲಸ ಮುಂದೆ ಸಾಗುವುದಿಲ್ಲ ಎಂಬುದೂ ನಿಜ. ಆದರೆ ಆ ಗಳಿಗೆಯಲ್ಲಿ ಅವಳನ್ನು ಚುಚ್ಚಿದ್ದು ಆ ತೊಳೆದ ಡಬ್ಬಿ.

ಮರುದಿನ ರಜೆ ಹಾಕಿ ಅಯೂಬನ ಬಸ್ಸು ಹತ್ತಿದಳು. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಬಾನೆಟ್ಟಿನ ಮೇಲೆ ಡಬ್ಬಿಗಳ ನಡುವೆ ಉಷ್ಣಮಾಪಕ ಇಟ್ಟಳು.

“ಎಂಜಿನ್ನಿಗಿ ಜ್ವರ ಬಂದಾವೇನ್ರಿ ಮೇಡಂ?” ಎಂದ ಅಯೂಬ.

“ನೀ ಸುಮ್ನ ಗಾಡಿ ಹೊಡಿ,” ಎಂದಳು. ಸಿಂದಗಿ, ಬಾಗೇವಾಡಿ, ನಿಡಗುಂದಿ, ಎಲ್ಲ ಕಡೆ ಪಾದರಸ ಎಲ್ಲಿಗೆ ಏರಿತೆಂದು ನೋಡುತ್ತ ಹೋದಳು. ಕಾಲೇಜಿನ ಒಲೆಯಲ್ಲಿ ತಾನಿಟ್ಟ ಕಾವಿಗೂ ಇದಕ್ಕೂ ದೊಡ್ಡ ಅಂತರವಿರಲಿಲ್ಲ. ಹಾಗಾದರೆ ಗುಟ್ಟು ಇರುವುದು ಚುರುಮುರಿಯಲ್ಲೇ.

ಮುದ್ದೇಬಿಹಾಳದಲ್ಲಿ ಗುರವ್ವ ಬಾಗಿಲಲ್ಲೇ ನಿಂತಿದ್ದಳು. ಬಂದವಳು ಯಾರೆಂದು ತಿಳಿದೊಡನೆ ಸೆರಗು ಹೊದ್ದು ಬದಿಗೆ ಸರಿದಳು. ಶಮ್ಶುನ್ನೀಸಾ ಚಪ್ಪಲಿ ಬಿಟ್ಟು ನೆಲಕ್ಕೆ ಕೂತು, ಮುದುಕಿಯ ಎರಡೂ ಕೈ ಹಿಡಿದಳು.

“ನಂದ ತಪ್ಪ ಐತ್ರಿ ಅವ್ವ. ಬಾಯಿಗಿ ಬಂದಂಗ ಅಂದೆ. ನೀವು ಸಿಟ್ಟಾಗಿ ಖಾಲಿ ಡಬ್ಬಿ ಕಳಸೀರಿ ಅಂತ ನನಗ ತಿಳೀತು.”

ಗುರವ್ವ ಗಾಬರಿಯಿಂದ ತಲೆಯಾಡಿಸಿದಳು. “ಸಿಟ್ಟಿಲ್ಲ ತಂಗಿ, ದೇವ್ರಾಣಿ ಸಿಟ್ಟಿಲ್ಲ. ಅಂಜಿಕಿ. ಕಲತಾಕಿ ಕೆಲಸ ಕೆಡಿಸಿಬಿಟ್ಟೆ ಅಂತ ನಾ ಊಟ ಮಾಡಲಿಲ್ಲ. ಸಂಜೀವಗ ಹೇಳಲಿಲ್ಲ. ಮತ್ತ ಡಬ್ಬಿ ಬಂದಾಗ ಒಂದ ಕಾಳು ಅಂಟಿದ್ರೂ ಕೆಡ್ತೈತಿ ಅಂತ ಮೂರ ಸಲ ತೊಳದೆ. ಖಾಲಿ ಡಬ್ಬಿ ಯಾರಿಗೂ ಕಾಣಬಾರದಂತ ಸೆರಗಿನ್ಯಾಗ ಮುಚ್ಚಿ ಬಸ್ಸಿಗಿ ಒಯ್ದೆನವಾ. ಈ ವಯಸ್ಸಿನ ತನಕ ಯಾರ ಮನಿಗೂ ಖಾಲಿ ಡಬ್ಬಿ ಕಳಿಸಿದಾಕಿ ಅಲ್ಲ ನಾ.”

ಇಬ್ಬರೂ ಅತ್ತರು. ಆಮೇಲೆ ಚಹಾ ಆಯಿತು. ಚಹಾದ ಜೊತೆಗೆ ಚುರುಮುರಿಯ ಮಾತು ತಾನಾಗಿ ಬಂತು.

“ಅವ್ವ, ಅಂದು ಚುರುಮುರಿ ಎಲ್ಲಿಂದ ತಂದಿದ್ರಿ?”

“ಎಲ್ಲಾರೂ ತರೂ ಅಂಗಡೀದ. ಆದ್ರ ಶ್ರಾವಣದ ಚುರುಮುರಿ ಮೆತ್ತಗಿರ್ತಾವಲ್ಲ, ಹಂಗ ಕೊಟ್ರ ಏನ್ ಚಂದ? ಹಂಚಿನ್ಯಾಗ ಬರೇ ಉಸುಕು ಹಾಕಿ, ಚಟಚಟ ಅನ್ನೂ ತನಕ ಹುರದು, ಜರಡಿ ಹಿಡದು, ಬಿಸಿ ಬಿಸಿ ಇದ್ದಾಗ ತುಂಬಿ ಮುಚ್ಚಳ ಬಿಗದೆ.”

“ಎಣ್ಣಿ, ಅರಿಶಿಣ ಏನೂ ಹಾಕಲಿಲ್ಲೇನು?”

“ಒಗ್ಗರಣಿ ಅವರವರ ನಾಲಿಗಿಗಿ ತಕ್ಕಂಗ ಅಲ್ಲೇನವಾ? ನಿಮ್ಮ ಮನ್ಯಾಗ ನೀವು ಹಾಕ್ಕೋತೀರಿ ಅಂತ ಹಂಗ ಬಿಟ್ಟೆ.”

ಶಮ್ಶುನ್ನೀಸಾ ಚಹಾದ ಬಟ್ಟಲು ಕೆಳಗಿಟ್ಟಳು. ಪೇಟೆಯ ಚುರುಮುರಿ ಶ್ರಾವಣದ ಗಾಳಿಯಲ್ಲಿ ಮೊದಲೇ ಹೊಟ್ಟೆ ತುಂಬ ನೀರು ಕುಡಿದು ಕೂತಿರುತ್ತದೆ. ಇನ್ನೊಬ್ಬರ ನೀರನ್ನು ಎಲ್ಲಿಂದ ಕುಡಿದೀತು? ಉಸುಕಿನಲ್ಲಿ ಹುರಿದು, ಬಿಸಿಯಿದ್ದಾಗಲೇ ಮುಚ್ಚಿದ್ದಕ್ಕೆ ಅದು ಬಾಯಾರಿ ಕೂತಿತ್ತು. ಇದು ಗುರವ್ವನಿಗೆ ಗೊತ್ತಿದ್ದ ರಸಾಯನವಲ್ಲ. ಅವಳಿಗೆ ಗೊತ್ತಿದ್ದದ್ದು ಮೆತ್ತಗಿನ ಚುರುಮುರಿ ಇನ್ನೊಬ್ಬರಿಗೆ ಕೊಡಬಾರದು ಎಂಬ ಮರ್ಯಾದೆ ಮಾತ್ರ. ಆ ಮರ್ಯಾದೆಯನ್ನು ನೋಡಿ ಅದರೊಳಗಿನ ರಸಾಯನವನ್ನು ಹೆಕ್ಕಿದ್ದು ಶಮ್ಶುನ್ನೀಸಾಳ ಓದು.

ಅಂದು ಗುರವ್ವ ಹುರಿದಳು, ಇವಳು ಉಷ್ಣಮಾಪಕ ಹಿಡಿದು ಪಕ್ಕದಲ್ಲಿ ಕೂತಳು. ಇಂಡಿಗೆ ಮರಳಿ ತಾನೇ ಹುರಿಯಲು ಕಲಿತಳು. ಮೊದಲ ಸಲ ಸೀದುಹೋಯಿತು, ಕಾಲೇಜಿನ ಕಾರಿಡಾರೆಲ್ಲ ಹೊಗೆ. ಎರಡನೆಯ ಸಲ ಗಾಜು ಕೆಂಪಾಯಿತು. ಆಮೇಲೆ ಸಿಂದಗಿಯವರು ಮಾಡಿದರು, ಕೆಂಪಾಯಿತು. ಬಾಗೇವಾಡಿಯವರು ಮಾಡಿದರು, ಕೆಂಪಾಯಿತು. ಹುರಿದ ಚುರುಮುರಿಯ ಬದಲು ನೀಲಿ ಹರಳನ್ನೂ ಹೀಗೆಯೇ ಬೆಚ್ಚಗೆ ಮುಚ್ಚಿಟ್ಟು ನೋಡಿದಳು. ಅದೂ ಕೆಂಪಾಯಿತು. ಅಂದರೆ ತಿಳಿದದ್ದು ಸರಿಯಿತ್ತು. ಆದರೆ ಹೊಲದ್ದೇ ಬೇಕೆಂದು ಹಟ ಹಿಡಿದವಳು ಹೊಲದ್ದನ್ನೇ ಇಟ್ಟುಕೊಂಡಳು. ಅಕ್ಕಿಯೂ ಗದ್ದೆಯದೇ ಅಲ್ಲವೇ?

ದೀಪಾವಳಿಗೆ ಮುಂಚೆ ಪ್ರಬಂಧ ಒಪ್ಪಿಸಿದಳು. ಬೇಸಿಗೆಯಲ್ಲಿ ವಿಜಯಪುರದಲ್ಲಿ ಬಹಿರಂಗ ಮೌಖಿಕ ಪರೀಕ್ಷೆ. ಅದರ ಹಿಂದಿನ ದಿನ ಮಾರ್ಗದರ್ಶಕರು ಕರೆದು ಬುದ್ಧಿ ಹೇಳಿದರು. “ಕೆಲಸ ಬಹಳ ಚೆನ್ನಾಗಿದೆ, ನಾನೇ ತಪ್ಪು ತಿಳಿದಿದ್ದೆ. ಆದರೆ ಅಲ್ಲಿ ಚುರುಮುರಿ ಎನ್ನಬೇಡಿ, ಧಾನ್ಯಮೂಲದ ಜಲಶೋಷಕ ಎನ್ನಿ. ಬಸ್ಸು, ಡಬ್ಬಿ, ಮುದುಕಿ, ಅದ್ಯಾವುದೂ ಬೇಡ. ಹೊರಗಿನ ಪರೀಕ್ಷಕರು ನಗುತ್ತಾರೆ, ನಿಮ್ಮ ಇಷ್ಟು ವರ್ಷದ ದುಡಿಮೆ ಹಗುರವಾಗುತ್ತದೆ. ಹೇಗೆ ಹೊಳೆಯಿತು ಎಂದರೆ ಓದುವಾಗ ಹೊಳೆಯಿತು ಎನ್ನಿ.”

ಪರೀಕ್ಷಕರು ಧಾರವಾಡದಿಂದ ಬಂದಿದ್ದ ಹಿರಿಯ ಹೆಂಗಸು, ನಗು ಅಪರೂಪ. ಪ್ರಶ್ನೆಯ ಮೇಲೆ ಪ್ರಶ್ನೆ. ಶಮ್ಶುನ್ನೀಸಾ ಒಂದಕ್ಕೂ ತಡವರಿಸಲಿಲ್ಲ. ಕೊನೆಗೆ ಅವರು ಕೇಳಿದರು: “ಧಾನ್ಯಮೂಲದ ಜಲಶೋಷಕ, ಬೆಚ್ಚಗಿನ ಮುಚ್ಚಿದ ಪಾತ್ರೆ. ಈ ಯೋಚನೆ ನಿಮಗೆ ಎಲ್ಲಿಂದ ಬಂತು?”

ಮಾರ್ಗದರ್ಶಕರು ಮುಂದಿನ ಸಾಲಿನಲ್ಲಿದ್ದರು. ಅವಳು ಅವರನ್ನು ನೋಡಿದಳು. ಸಭಾಂಗಣದ ಹಿಂದಿನ ಬೆಂಚಿನಲ್ಲಿ ಸಂಜೀವಕುಮಾರನ ಪಕ್ಕದಲ್ಲಿ ಸೆರಗು ಹೊದ್ದು ಕೂತಿದ್ದ ಗುರವ್ವನನ್ನೂ ನೋಡಿದಳು.

“ಅದು ಚುರುಮುರಿ, ಮೇಡಂ,” ಎಂದಳು. “ಯೋಚನೆ ನನ್ನದಲ್ಲ. ನಮ್ಮ ಕಡೆ ಡಬ್ಬಿ ಖಾಲಿ ಕಳಿಸುವುದಿಲ್ಲ.” ನಿಂಬೆಯಿಂದ ಹಿಡಿದು ಡೋಣಿಯ ಸುತ್ತಿನವರೆಗೆ ಎಲ್ಲವನ್ನೂ ಹೇಳಿದಳು. ತಾನು ಬೈದದ್ದನ್ನು ಬಿಡಲಿಲ್ಲ, ತೊಳೆದು ಬಂದ ಡಬ್ಬಿಯನ್ನೂ ಬಿಡಲಿಲ್ಲ. ಯಾರೋ ನಕ್ಕರು. ಅವಳು ಮಾತು ನಿಲ್ಲಿಸಲಿಲ್ಲ.

ಪರೀಕ್ಷಕರು ಪೆನ್ನು ಕೆಳಗಿಟ್ಟರು. “ಆ ತಾಯಿ ಬಂದಿದ್ದಾರೆಯೇ?”

ಗುರವ್ವನನ್ನು ಎಬ್ಬಿಸುವುದೇ ಕಷ್ಟವಾಯಿತು. “ನಾ ಏನೂ ಮಾಡಿಲ್ರಿ,” ಎಂದಳು. “ಇಕಿ ನಿಂಬಿಹಣ್ಣ ಕಳಿಸಿದ್ಲು. ಖಾಲಿ ಡಬ್ಬಿ ಕಳಸಾಕ ಮನಸ ಬರಲಿಲ್ಲ,” ಎಂದು ಹೇಳಿ ಕೂತುಬಿಟ್ಟಳು.

ಪರೀಕ್ಷಕರು ಎದ್ದುನಿಂತು ಮೊದಲು ಹಿಂದಿನ ಬೆಂಚಿಗೆ ಕೈಮುಗಿದರು. ಆಮೇಲೆ, ಪದವಿಗೆ ಶಿಫಾರಸು ಮಾಡಿದ್ದೇನೆ ಎಂದರು. ಮಾರ್ಗದರ್ಶಕರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಹೊರಗೆ ಬೇವಿನ ಮರದ ನೆರಳಿನಲ್ಲಿ ಚಹಾ. ಶಮ್ಶುನ್ನೀಸಾ ಚೀಲದಿಂದ ತನ್ನ ಹಳೆಯ ಡಬ್ಬಿ ತೆಗೆದು ಗುರವ್ವನ ಕೈಗಿಟ್ಟಳು. ಮುದುಕಿ ರೂಢಿಯಂತೆ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಒಳಗೆ ಏನೋ ಕಿಣಿ ಎಂದಿತು. ಮುಚ್ಚಳ ತೆಗೆದರೆ ಆರಿಸಿದ ನಿಂಬೆಹಣ್ಣು, ಅವುಗಳ ನಡುವೆ ಅಂಚು ಕಟ್ಟಿಸಿದ ಒಂದು ಕೆಂಪು ಗಾಜಿನ ಪಟ್ಟಿ. ಗುರವ್ವ ಅದನ್ನು ಬಿಸಿಲಿಗೆ ಹಿಡಿದಳು. ಅವಳ ಮುಖದ ಮೇಲೆ ಕೆಂಪು ಬಿತ್ತು.

“ಇದು ತಿನ್ನೂದಲ್ಲಲ್ಲ?”

“ಅಲ್ರಿ ಅವ್ವ. ನೋಡೂದು.”

ಗುರವ್ವ ಗಾಜನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ನಿಂಬೆಹಣ್ಣನ್ನು ಮಗನ ಚೀಲಕ್ಕೆ ಸುರುವಿದಳು. ಡಬ್ಬಿ ತೆಗೆದುಕೊಳ್ಳಲು ಶಮ್ಶುನ್ನೀಸಾ ಕೈ ಚಾಚಿದಳು. ಗುರವ್ವ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ಈಗ ಕೊಡಂಗಿಲ್ಲ ತಂಗಿ. ನನ್ನ ಕೈಯಾಗ ಏನೂ ಇಲ್ಲ. ನಾಳಿ ಬಸ್ಸಿಗಿ ಬರ್ತೈತಿ ತಗೋ,” ಎಂದಳು.